ಮೊದಲ ಲಿವರ್ ಆಕ್ಷನ್ ರೈಫಲ್ ತಗೊಳ್ತಿದ್ದೀನಿ: 30-30 ಮಾರ್ಲಿನ್ನಾ, 357 ರೋಸಿನಾ, ಹೆನ್ರಿನಾ?

ಡೆನ್ವರ್_ದೀಪು
ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಕೈಗೆ ಬಂತು, ಕೊಲರಾಡೋದ ಹಂಟರ್ ಎಜುಕೇಶನ್ ಕೋರ್ಸೂ ಮುಗೀತು. ಈಗ ಮೊದಲ ರೈಫಲ್ ತಗೊಳ್ಬೇಕು, ಅದು ಲಿವರ್ ಆಕ್ಷನ್ನೇ (ಟ್ರಿಗರ್ ಸುತ್ತಿನ ಹಿಡಿ ಕೆಳಗೆಳೆದು ಮುಂದಿನ ತೋಟಾ ಏರಿಸೋದು) ಆಗ್ಬೇಕು ಅನ್ನೋದು ಬಹಳ ದಿನದ ಆಸೆ. ಅದೇ ದುಡ್ಡಿಗೆ ಬೋಲ್ಟ್ ಆಕ್ಷನ್ (ಬದಿಯ ಹಿಡಿ ಹಿಂದೆ ಮುಂದೆ ಎಳೆಯೋದು) ತಗೊಂಡ್ರೆ ಇನ್ನೂ ದೂರ, ಇನ್ನೂ ನಿಖರವಾಗಿ ಹೊಡೀಬಹುದು ಅಂತ ರೇಂಜ್‌ನಲ್ಲಿ ಎಲ್ಲರೂ ಹೇಳ್ತಾರೆ. ಅದು ಗೊತ್ತು, ಆ ಚರ್ಚೆ ಇಲ್ಲಿ ಬೇಡ.

ನೋಡಿರೋದು ನಾಲ್ಕು. 30-30 ತೋಟಾದಲ್ಲಿ ಮಾರ್ಲಿನ್ 336 ಕ್ಲಾಸಿಕ್, ವಿಂಚೆಸ್ಟರ್ 94, ಹೆನ್ರಿಯವರ ಸೈಡ್ ಗೇಟ್. 357 ಮ್ಯಾಗ್ನಮ್‌ನಲ್ಲಿ ಬ್ರೆಜಿಲ್‌ನ ರೋಸಿ ಆರ್92. ವಾರಾಂತ್ಯಕ್ಕೆ ರೇಂಜ್, ಟ್ಯಾಗ್ (ಬೇಟೆ ಪರವಾನಗಿ ಚೀಟಿ) ಸಿಕ್ಕ ವರ್ಷ ಮ್ಯೂಲ್ ಡಿಯರ್ ಬೇಟೆ, ಇಷ್ಟೇ ಬಳಕೆ. ರೋಸಿ ಕಡೆ ಮನಸ್ಸು ಎಳೀತಿದೆ. ಬೆಲೆ ಕಡಿಮೆ, ಹಗುರ, ಅದರಲ್ಲೇ 38 ಸ್ಪೆಷಲ್ ತೋಟಾನೂ ಹೊಡೀಬಹುದು. ಬಳಸಿದವರು ಹೇಳಿ.

ಹಳೇಕೋವಿ
ದೀಪು, ಜಿಂಕೆ ಬೇಟೆ ಪಟ್ಟೀಲಿ ಇದ್ರೆ ರೋಸಿ 357 ಇವತ್ತೇ ಬಿಟ್ಟುಬಿಡಿ. ರೈಫಲ್ ಕೆಟ್ಟದ್ದು ಅಂತಲ್ಲ. ನಿಮ್ಮ ರಾಜ್ಯದ ನಿಯಮ ಅದನ್ನ ಒಪ್ಪಲ್ಲ. ಕೊಲರಾಡೋದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಬಳಸೋ ರೈಫಲ್ ತೋಟಾ 100 ಗಜದ ದೂರದಲ್ಲಿ ಕನಿಷ್ಠ 1,000 ಫುಟ್-ಪೌಂಡ್ ಶಕ್ತಿ ಉಳಿಸಿಕೊಂಡಿರಬೇಕು. ಸಾಮಾನ್ಯ 357 ಮ್ಯಾಗ್ನಮ್, 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ಉದ್ದ ನಳಿಗೆಯಿಂದ ಹೊರಟರೂ 100 ಗಜದ ಹೊತ್ತಿಗೆ 700ರ ಆಸುಪಾಸಿಗೆ ಇಳಿದಿರುತ್ತೆ. 30-30 ಆದ್ರೆ 150 ಗ್ರೇನ್ ಇರಲಿ, 170 ಗ್ರೇನ್ ಇರಲಿ, ಅಷ್ಟೇ ದೂರದಲ್ಲಿ 1,300ರ ಆಸುಪಾಸಿನಲ್ಲಿ ಇರುತ್ತೆ.

ಮೊದಲು ರಾಜ್ಯದ ಬೇಟೆ ನಿಯಮ, ಆಮೇಲೆ ತೋಟಾ, ಆಮೇಲೆ ರೈಫಲ್. ಜನ ಇದನ್ನ ತಲೆಕೆಳಗು ಮಾಡಿ ಮೊದಲು ರೈಫಲ್ ಆರಿಸಿಬಿಡ್ತಾರೆ.

ಡೆನ್ವರ್_ದೀಪು
@ಹಳೇಕೋವಿ ಸಾರ್, ಕೋರ್ಸ್‌ನಲ್ಲಿ ಈ 1,000ದ ಲೆಕ್ಕ ಹೇಳಿದ್ರು. ಆದ್ರೆ ರೈಫಲ್ ನಳಿಗೇಲಿ 357ಗೆ ವೇಗ ಏರುತ್ತಲ್ಲ, ಅದು ಸಾಕಾಗಬಹುದು ಅಂದ್ಕೊಂಡೆ. 44 ಮ್ಯಾಗ್ನಮ್ ಆದ್ರೆ?

ಹಳೇಕೋವಿ
ವೇಗ ಏರುತ್ತೆ, ಆದ್ರೆ ಆ ಮೊಂಡು ಮೂತಿಯ ಗುಂಡು ಗಾಳೀಲಿ ಅಷ್ಟೇ ಬೇಗ ವೇಗ ಕಳ್ಕೊಳ್ಳುತ್ತೆ. 44 ಮ್ಯಾಗ್ನಮ್ 240 ಗ್ರೇನ್ 1,000ದ ಗೆರೆ ಮೇಲೇ ನಿಲ್ಲುತ್ತೆ. ಆ ತೋಟಾ ಇಷ್ಟ ಅಂದ್ರೆ ಪೆಟ್ಟಿಗೆ ಮೇಲಿನ ಅಂಕಿ ಓದಿ ತಗೊಳ್ಳಿ. ನನ್ನ ಮತ ಮಾತ್ರ 30-30ಗೇ. 1895ರಲ್ಲಿ ಬಂದ ತೋಟಾ, ಹೊಗೆರಹಿತ ಮದ್ದಿನ ಮೇಲೆ ಅಮೆರಿಕದಲ್ಲಿ ತಯಾರಾದ ಮೊದಲ ಬೇಟೆ ತೋಟಾ. ಇವತ್ತಿಗೂ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತೆ.

ಕ್ಲೀವ್‌ಲ್ಯಾಂಡ್_ಕುಲಕರ್ಣಿ
ಇದೇ ಪ್ರಶ್ನೆ ನಮ್ಮ ಓಹಾಯೋದಲ್ಲಿ ಕೇಳಿದ್ರೆ ಉತ್ತರ ಪೂರ್ತಿ ಉಲ್ಟಾ. ಇಲ್ಲಿ ಜಿಂಕೆಗೆ ನೇರ ಗೋಡೆಯ ಕೇಸ್ (ಗುಂಡು, ಮದ್ದು ಹಿಡಿದಿಡೋ ಲೋಹದ ಕೊಳವೆ) ಇರೋ ತೋಟಾ ಮಾತ್ರ ನಡೆಯುತ್ತೆ, ಗುಂಡಿನ ಅಗಲ .357ರಿಂದ .50ರೊಳಗೆ. 30-30 ಕೇಸ್ ಕತ್ತಿನ ಹತ್ತಿರ ಕಿರಿದಾಗುತ್ತೆ, ಹಾಗಾಗಿ ಅದು ಕಾನೂನುಬಾಹಿರ. 357, 44, 45-70 ಮೂರೂ ಓಕೆ. ಹಾಗಾಗಿ ಇಲ್ಲಿ ಲಿವರ್ ಆಕ್ಷನ್‌ಗೆ ಹೊಸ ಜೀವ ಬಂದಿದೆ.

ಧಾರವಾಡ_ಪೇಡೆ
ಖರೆ ಮಾತ್ ಹೇಳೀರಿ ಕುಲಕರ್ಣಿಯವ್ರ. ನಾನು ಹ್ಯೂಸ್ಟನ್‌ನ್ಯಾಗ ಇರೋದು, ಇಲ್ಲಿ ಇಂಥಾ ತಕರಾರು ಕಡಿಮಿ. ದೀಪು, 336 ತಗೋರಿ, ಕಣ್ ಮುಚ್ಚಿ ತಗೋರಿ. ಕಾರಣ ಒಂದ: ಖಾಲಿ ಕೇಸ್ ಬಲಗಡಿ ಬಾಜೂಕ ಹಾರ್ತೈತಿ, ರಿಸೀವರ್ (ಲಿವರ್, ಬೋಲ್ಟ್ ಕೂಡೋ ಉಕ್ಕಿನ ಒಡಲು) ಮ್ಯಾಲಿನ ಭಾಗ ಗಟ್ಟಿ ಉಕ್ಕು, ಸ್ಕೋಪ್ ನೆಟ್ಟಗ ಕೂಡ್ತೈತಿ. ಹಳೇ ವಿಂಚೆಸ್ಟರ್ 94 ಕೇಸ್ ನೆತ್ತಿ ಮ್ಯಾಲಿಂದ ಒಗೀತೈತಿ, ಸ್ಕೋಪ್ ಎಲ್ಲಿ ಇಡ್ತೀರಿ? ನಲವತ್ತು ದಾಟಿದ ಕಣ್ಣಿಗೆ ಸ್ಕೋಪ್ ಬೇಕ ಬೇಕ್ರಿ.

ಅಮ್ಮಣ್ಣಿ_ಆಸ್ಟಿನ್
ಪೇಡೆಯವರೇ, ಅದು 1982ಕ್ಕೆ ಮುಂಚಿನ 94ರ ಕತೆ. ಆಮೇಲೆ ಬಂದ ಆಂಗಲ್ ಇಜೆಕ್ಟ್ 94ಗಳು ಕೇಸನ್ನ ಓರೆಯಾಗಿ ಬಲಕ್ಕೆ ಎಸೀತಾವೆ, ಸ್ಕೋಪ್ ಕೂರುತ್ತೆ. ಈಗ ಹೊಸದಾಗಿ ಅಂಗಡೀಲಿ ಸಿಗೋ 94ಗಳೆಲ್ಲ ಹಾಗೇ ಇರೋದು.

ನಾನು ಕೌಬಾಯ್ ಆಕ್ಷನ್ ಶೂಟಿಂಗ್ (ಹಳೇ ಕಾಲದ ಮಾದರಿಯ ಬಂದೂಕುಗಳ ಗುರಿ ಸ್ಪರ್ಧೆ) ಆಡ್ತೀನಿ. ನಮ್ಮ ಆಟದಲ್ಲಿ 30-30ಗೆ ಜಾಗವೇ ಇಲ್ಲ. ಮುಖ್ಯ ಸ್ಪರ್ಧೆಗೆ ಪಿಸ್ತೂಲ್ ತೋಟಾ ಹೊಡೆಯೋ ರೈಫಲ್ ಬೇಕು, ಸೀಸದ ಗುಂಡು ಮಾತ್ರ, ವೇಗಕ್ಕೂ ಮಿತಿ ಇದೆ, ಹೆಚ್ಚಾಗಿ ಒಂದು ಸುತ್ತಿಗೆ ಹತ್ತು ತೋಟಾ. ಅಲ್ಲಿ ಇಟಲಿಯ ಉಬೆರ್ಟಿಯವರು ಮಾಡೋ ವಿಂಚೆಸ್ಟರ್ 1873 ಮಾದರಿಯದ್ದೇ ರಾಜ್ಯಭಾರ. ಅದರ ಟಾಗಲ್ ಲಿಂಕ್ ಮೊಣಕಾಲಿನ ಹಾಗೆ ಮಡಚಿ ಬಿಡಿಸಿಕೊಳ್ಳುತ್ತೆ, ಬಹಳ ನಯ. ದೀಪು ಮುಂದೆ ಸ್ಪರ್ಧೆ ಆಡೋ ಯೋಚನೆ ಇದ್ರೆ ಈಗಲೇ ಹೇಳಿ, ಆಗ 357 ಮತ್ತೆ ಪಟ್ಟಿಗೆ ಬರುತ್ತೆ.

ಮೊಂಟಾನಾ_ಮಲ್ನಾಡು
1873ರ ಟಾಗಲ್ ನಯ, ಒಪ್ಪಿದೆ. ಆದ್ರೆ ಅದು ದುರ್ಬಲ. ಉದ್ದ, ಬಲವಾದ ತೋಟಾಗಳಿಗೆ ಅದು ತಡೆಯಲ್ಲ ಅಂತಲೇ ಬಂದೂಕು ವಿನ್ಯಾಸಕಾರ ಜಾನ್ ಮೋಸಸ್ ಬ್ರೌನಿಂಗ್ 1886ರಲ್ಲಿ ಎರಡು ಉಕ್ಕಿನ ಲಗ್ ಲಂಬವಾಗಿ ಎದ್ದು ಬೋಲ್ಟನ್ನ ಹಿಂದಿನಿಂದ ಹಿಡಿಯೋ ವ್ಯವಸ್ಥೆ ಮಾಡಿದ್ದು. ಅದನ್ನೇ ಚಿಕ್ಕದು ಮಾಡಿದ್ರೆ 1892ರ ಮಾದರಿ. ರೋಸಿ ಆರ್92 ಅದರದ್ದೇ ನಕಲು. ಹಾಗಾಗಿ "ಅಗ್ಗದ ರೋಸಿ" ಅಂತ ಯಾರೂ ಮೂಗು ಮುರೀಬೇಡಿ. ಒಳಗಿರೋ ವಿನ್ಯಾಸ ಲಿವರ್ ಆಕ್ಷನ್‌ಗಳಲ್ಲೇ ಅತ್ಯಂತ ಗಟ್ಟಿಯಾದವುಗಳಲ್ಲಿ ಒಂದು. ಮೇಲ್ಮೈ ಕೆಲಸ ಒರಟು, ಲಿವರ್ ಮೊದಮೊದಲು ಬಿಗಿ, ಅಷ್ಟೇ.

ಎಚ್‌ಒನ್‌ಬಿ_ಪಯಣಿಗ
ವಿಷಯ ಬಿಟ್ಟು ಕೇಳ್ತಿದ್ದೀನಿ, ಕ್ಷಮಿಸಿ. ನಾನಿನ್ನೂ ವರ್ಕ್ ವೀಸಾದಲ್ಲಿದ್ದೀನಿ. ಸ್ನೇಹಿತರ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ರೈಫಲ್ ಹೊಡೀಬಹುದಾ?

ಹಳೇಕೋವಿ
@ಎಚ್‌ಒನ್‌ಬಿ_ಪಯಣಿಗ ಇದು ವಿಷಯ ಬಿಟ್ಟ ಪ್ರಶ್ನೆ ಅಲ್ಲ. ನಮ್ಮವರಲ್ಲಿ ಬಹಳ ಜನ ಇಲ್ಲೇ ಎಡವೋದು. ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳೋ ಹಾಗಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಕೈಲಿ ಹಿಡಿದ್ರೂ "ಇಟ್ಟುಕೊಂಡಂತೆ" ಅಂತ ಪರಿಗಣಿಸಬಹುದು. ಕೆಲವು ವಿನಾಯಿತಿ ಇವೆ. ನಿಮ್ಮಂಥವರಿಗೆ ಒದಗೋದು ಒಂದು: ಅಮೆರಿಕದ ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದು ಜೇಬಲ್ಲಿ ಇರಬೇಕು. "ಯಾರೂ ಕೇಳಲ್ಲ ಬಾ" ಅನ್ನೋ ಸ್ನೇಹಿತರ ಮಾತು ಕೇಳಿ ಹೋಗ್ಬೇಡಿ. ನಾಳೆ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು. ವಕೀಲರನ್ನ ಒಮ್ಮೆ ಕೇಳಿ, ಬರವಣಿಗೆಯಲ್ಲಿ ಉತ್ತರ ತಗೊಳ್ಳಿ.

ಎಚ್‌ಒನ್‌ಬಿ_ಪಯಣಿಗ
ತುಂಬಾ ಉಪಕಾರ ಆಯ್ತು ಸಾರ್. ಶನಿವಾರದ ಪ್ಲಾನ್ ರದ್ದು.

ಕೊಡಗಿನ_ಕಾಫಿ
ಲಿವರ್ ಆಕ್ಷನ್ ಮಾತು ಬಂದು ಇಷ್ಟು ಹೊತ್ತಾದ್ರೂ ಯಾರೂ ಕೆನೆತ್ ಆಂಡರ್ಸನ್ ಹೆಸರು ಎತ್ತಿಲ್ಲ! ಬೆಂಗಳೂರಲ್ಲೇ ಬಾಳಿ 1974ರಲ್ಲಿ ಅಲ್ಲೇ ತೀರಿಕೊಂಡವರು. ಅವರ ಕೈಲಿದ್ದದ್ದು ವಿಂಚೆಸ್ಟರ್ 1895, 405 ತೋಟಾ. ನಾವು ಚಿಕ್ಕಂದಿನಲ್ಲಿ ಅವರ ನರಭಕ್ಷಕ ಹುಲಿ ಚಿರತೆಗಳ ಕತೆಗಳನ್ನ ಕನ್ನಡದಲ್ಲೇ ಓದಿದ್ದು. ಕಡೂರು ಕಡೆಯ ಎಮ್ಮೆದೊಡ್ಡಿ ಕಾಡು ಅಂದ್ರೆ ಇವತ್ತಿಗೂ ನನಗೆ ಆ ರೈಫಲ್ಲೇ ಕಣ್ಮುಂದೆ ಬರೋದು. ದೀಪು, ನೀವು ಯಾಕೆ 1895 ನೋಡ್ತಿಲ್ಲ?

ಡೆನ್ವರ್_ದೀಪು
@ಕೊಡಗಿನ_ಕಾಫಿ ನನಗೆ ಈ ಹುಚ್ಚು ಹಿಡಿಸಿದ್ದೇ ಅವರು! ಆದ್ರೆ ಹೊಸ 1895ರ ಬೆಲೆ ನೋಡಿದ್ರೆ ಎದೆ ಒಡೆಯುತ್ತೆ.

ಮೊಂಟಾನಾ_ಮಲ್ನಾಡು
405 ಬಗ್ಗೆ ಸ್ವಲ್ಪ ಹೇಳ್ತೀನಿ. 300 ಗ್ರೇನ್ ಗುಂಡು, ಸೆಕೆಂಡಿಗೆ 2,200 ಅಡಿ. 1904ರಲ್ಲಿ ಬಂತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊರಟಾಗ ಸಿಂಹಕ್ಕೆ ಅಂತ ತಗೊಂಡು ಹೋಗಿದ್ದು ಇದನ್ನೇ. 1895ರ ವಿಶೇಷ ಏನಂದ್ರೆ ನಳಿಗೆ ಕೆಳಗೆ ತೋಟಾ ತುಂಬೋ ಟ್ಯೂಬ್ ಇಲ್ಲ, ಟ್ರಿಗರ್ ಮುಂದೆ ಪೆಟ್ಟಿಗೆ ಮ್ಯಾಗಜೀನ್. ಟ್ಯೂಬ್‌ನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರ್ತಾವೆ, ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ (ಬಡಿದ್ರೆ ಮದ್ದಿಗೆ ಬೆಂಕಿ ಹಚ್ಚೋ ಬಿಲ್ಲೆ) ತಾಗಿಕೊಂಡು. ಮೊನಚು ಗುಂಡು ಹಾಕಿದ್ರೆ ಒದೆತಕ್ಕೆ ಪ್ರೈಮರ್ ಸಿಡಿಯೋ ಅಪಾಯ. ಅದಕ್ಕೇ 30-30, 45-70 ಗುಂಡುಗಳ ಮೂತಿ ಚಪ್ಪಟೆ. ಪೆಟ್ಟಿಗೆಯಲ್ಲಿ ತೋಟಾ ಒಂದರ ಮೇಲೊಂದು ಕೂರೋದ್ರಿಂದ ಆ ತೊಂದರೆ ಇಲ್ಲ.

ಆದ್ರೆ ದಿನಬಳಕೆಗೆ 405 ಬೇಡ. ತೋಟಾ ತಯಾರಕರು ಬಹಳ ಕಮ್ಮಿ, ಒಂದೊಂದು ಈಡೂ ದುಬಾರಿ. ಉಕ್ಕಿನ ತೆಳು ಹಿಂಬದಿ ತಟ್ಟೆ ಇರೋ ಹಳೇ ರೈಫಲ್ ಆದ್ರೆ ಭುಜ ಎರಡು ದಿನ ನೋಯುತ್ತೆ.

ಧಾರವಾಡ_ಪೇಡೆ
ಹಾರ್ನಡಿಯವ್ರು ಮೆತ್ತನ್ ರಬ್ಬರಿನಂಥಾ ತುದಿ ಇರೋ ಮೊನಚು ಗುಂಡು ಮಾಡ್ಯಾರಲ್ರಿ, ಲೆವರೆವಲ್ಯೂಶನ್ ಅಂತ. ಅದು ಟ್ಯೂಬ್‌ನ್ಯಾಗ ಹಾಕಬಹುದು. 30-30ಗೆ 160 ಗ್ರೇನ್, 2,400 ಅಡಿ ವೇಗ. ನನ್ 336ರಾಗ ಅದನ್ನ ಹಾಕೋದು, 200 ಗಜದ ತನಾ ನಂಬಿಕಿ ಐತಿ.

ಮೊಂಟಾನಾ_ಮಲ್ನಾಡು
ಹೌದು, ಆ ತುದಿ ಒತ್ತಿದ್ರೆ ಬಗ್ಗುತ್ತೆ, ಅದಕ್ಕೇ ಸುರಕ್ಷಿತ. ಹಳೇ ರೈಫಲ್ ಕೆಲವಕ್ಕೆ ಆ ತೋಟಾ ಸರಿಯಾಗಿ ಏರಲ್ಲ. ಒಂದು ಪೆಟ್ಟಿಗೆ ತಂದು ಪರೀಕ್ಷೆ ಮಾಡದೆ ಡಜನ್‌ಗಟ್ಟಲೆ ಕೊಳ್ಳಬೇಡಿ.

ಕುಡ್ಲದ_ಹುಡುಗ
ಮಾರಾಯ್ರೆ, ನೀವೆಲ್ಲ ಅಮೆರಿಕದವರು ಅಂಗಡಿಗೆ ಹೋಗಿ ಯಾವುದು ತಗೊಳ್ಳಲಿ ಅಂತ ಚರ್ಚೆ ಮಾಡ್ತೀರಿ. ನಾನು ಮೆಲ್ಬರ್ನ್‌ನಲ್ಲಿ ಇರುವುದು. ಇಲ್ಲಿ ಬಂದೂಕು ಬೇಕು ಅಂದ್ರೆ ಮೊದಲು ಕಾರಣ ಹೇಳಬೇಕು, ಆತ್ಮರಕ್ಷಣೆ ಅಂತ ಬರೆದ್ರೆ ಅರ್ಜಿ ಅಲ್ಲಿಗೇ ಮುಗೀತು. 1996ರಲ್ಲಿ ಪೋರ್ಟ್ ಆರ್ಥರ್ ಹತ್ಯಾಕಾಂಡ ಆದ ಮೇಲೆ ಸೆಮಿ ಆಟೋಮ್ಯಾಟಿಕ್ ಬಹುತೇಕ ಹೋದವು. ಸಣ್ಣ 22 ತೋಟಾದ ಲಿವರ್ ರೈಫಲ್ ಎ ವರ್ಗಕ್ಕೆ, ದೊಡ್ಡ ತೋಟಾದವು ಬಿ ವರ್ಗಕ್ಕೆ ಬಂದವು. ಹಂದಿ ಹೊಡೆಯುವ ರೈತರಲ್ಲಿ ಲಿವರ್ ರೈಫಲ್ ಇಷ್ಟು ಜನಪ್ರಿಯ ಆದದ್ದಕ್ಕೆ ಅದೂ ಒಂದು ಕಾರಣ. ಆಮೇಲೆ ಟರ್ಕಿಯ ಆಡ್ಲರ್ ಲಿವರ್ ಶಾಟ್‌ಗನ್ ಬಂದು ದೊಡ್ಡ ಗಲಾಟೆ ಆಯ್ತು. 2016ರಲ್ಲಿ ಐದಕ್ಕಿಂತ ಹೆಚ್ಚು ತೋಟಾ ಹಿಡಿಯುವ ಲಿವರ್ ಶಾಟ್‌ಗನ್‌ಗಳನ್ನು ಬಹಳ ಬಿಗಿ ನಿರ್ಬಂಧದ ಡಿ ವರ್ಗಕ್ಕೆ ಹಾಕುವುದು ಅಂತ ತೀರ್ಮಾನ ಆಯ್ತು.

ಸಹ್ಯಾದ್ರಿ_ಸಾಲು
ಇಷ್ಟೆಲ್ಲ ಓದಿ ಬೇಸರವಾಯ್ತು. ಕಾಡುಪ್ರಾಣಿ ಕೊಲ್ಲೋಕೆ ಯಾವ ಸಾಧನ ಚೆಂದ ಅನ್ನೋ ಚರ್ಚೆ ಕನ್ನಡದಲ್ಲಿ ಬೇಕಿತ್ತಾ? ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರದೇ ಇದ್ದಿದ್ರೆ ನಾಗರಹೊಳೇಲಿ ಇವತ್ತು ಹುಲಿ ಇರ್ತಿರಲಿಲ್ಲ.

ಮೊಂಟಾನಾ_ಮಲ್ನಾಡು
@ಸಹ್ಯಾದ್ರಿ_ಸಾಲು ನಮ್ಮ ಊರಿನ ಕಾಯ್ದೆ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ತಿ ಸಹಮತ. ಅಲ್ಲಿ ಬೇಟೆ ನಿಂತದ್ದು ಸರಿ, ನಿಂತೇ ಇರಬೇಕು. ಆದ್ರೆ ಇಲ್ಲಿನ ಲೆಕ್ಕ ಬೇರೆ. ಮೊಂಟಾನಾದಲ್ಲಿ ಜಿಂಕೆ, ಎಲ್ಕ್ ಎಷ್ಟಿವೆ ಅಂತ ಇಲಾಖೆ ಸಮೀಕ್ಷೆ ಮಾಡಿ ಟ್ಯಾಗ್ ಕೊಡುತ್ತೆ, ಲೈಸೆನ್ಸ್ ದುಡ್ಡು ವನ್ಯಜೀವಿ ಇಲಾಖೆಗೇ ಹೋಗುತ್ತೆ. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಮಾರಾಟವಾಗೋ ಪ್ರತಿ ರೈಫಲ್, ಪ್ರತಿ ತೋಟಾದ ಮೇಲೆ ಶೇ. 11 ತೆರಿಗೆ, ಅದು ರಾಜ್ಯಗಳ ಆವಾಸ ಸಂರಕ್ಷಣೆಗೆ ಹಂಚಿಕೆಯಾಗುತ್ತೆ. ನನ್ನ ಮನೇಲಿ ಚಳಿಗಾಲ ಪೂರ್ತಿ ತಿನ್ನೋ ಮಾಂಸ ಒಂದೇ ಪ್ರಾಣಿಯದ್ದು.

ಸಹ್ಯಾದ್ರಿ_ಸಾಲು
ತೆರಿಗೆ ವಿಷಯ ಒಳ್ಳೆಯದೇ. ಆದ್ರೂ ಗುಂಡು ತಾಗಿ ಸಾಯದೆ ಓಡಿಹೋಗಿ ನರಳೋ ಪ್ರಾಣಿಗೆ ಯಾವ ತೆರಿಗೆ ಸಮಾಧಾನ ಹೇಳುತ್ತೆ?

ಹಳೇಕೋವಿ
ಆ ಕಾಳಜಿ ಇರೋದಕ್ಕೇ 1,000 ಫುಟ್-ಪೌಂಡ್ ನಿಯಮ ಇರೋದು, ಅದಕ್ಕೇ ನಾನು ದೀಪುಗೆ 357 ಬೇಡ ಅಂದಿದ್ದು. ಇನ್ನೊಂದು ಮಾತೂ ಇದೆ. 30-30 ತಗೊಂಡು 300 ಗಜಕ್ಕೆ ಹೊಡೆಯೋಕೆ ಹೋಗಬಾರದು. ಬರೀ ಸೈಟ್ ಇದ್ರೆ 100 ಗಜ, ಸ್ಕೋಪ್ ಇದ್ರೆ 150ರಿಂದ 200. ಪ್ರಾಣಿ ಅದಕ್ಕಿಂತ ದೂರ ಇದ್ರೆ ಹತ್ತಿರ ಹೋಗೋದು ಕಲೀಬೇಕು, ಆಗದಿದ್ರೆ ಬಿಟ್ಟು ಬರಬೇಕು.

ಸಹ್ಯಾದ್ರಿ_ಸಾಲು
ಬಿಟ್ಟು ಬರೋ ಮಾತಾಡಿದ್ದಕ್ಕೆ ಧನ್ಯವಾದ. ಅಷ್ಟಕ್ಕಾದ್ರೂ ಒಪ್ಪಿಗೆ.

ಮಂಡ್ಯದ_ಮಗ
ಮಾರ್ಟಿನಿ-ಹೆನ್ರಿನೂ ಲಿವರ್ ಆಕ್ಷನ್ನೇ ಅಲ್ವಾ? ಬ್ರಿಟಿಷರ ಕಾಲದಲ್ಲಿ ಇಲ್ಲೆಲ್ಲ ಇದ್ದದ್ದು ಅದೇ. ಆ ಹೆನ್ರಿ ಕಂಪನಿನೇ ಈಗ ಅಮೆರಿಕದಲ್ಲಿ ರೈಫಲ್ ಮಾಡ್ತಿರೋದು ತಾನೆ?

ಅಮ್ಮಣ್ಣಿ_ಆಸ್ಟಿನ್
ಅಲ್ಲ ಅಣ್ಣಾ, ಮೂರು ಬೇರೆ ಬೇರೆ ಹೆನ್ರಿಗಳು.

ಮಾರ್ಟಿನಿ-ಹೆನ್ರಿಯ ಹೆನ್ರಿ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿ, ನಳಿಗೆಯೊಳಗಿನ ಸುರುಳಿ ಗೆರೆ ಅವನದ್ದು, ಆಕ್ಷನ್ ಸ್ವಿಟ್ಜರ್ಲೆಂಡ್‌ನ ಮಾರ್ಟಿನಿಯದ್ದು. 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂತು. ಅದಕ್ಕೆ ಲಿವರ್ ಇದೆ, ಆದ್ರೆ ಮ್ಯಾಗಜೀನ್ ಇಲ್ಲ. ಒಂದು ಈಡು, ಲಿವರ್ ಇಳಿಸು, ಕೈಯಲ್ಲೇ ಇನ್ನೊಂದು ತೋಟಾ ಹಾಕು.

ಎರಡನೆಯವನು ಬೆಂಜಮಿನ್ ಟೈಲರ್ ಹೆನ್ರಿ. ಆಲಿವರ್ ವಿಂಚೆಸ್ಟರ್‌ನ ನ್ಯೂ ಹೇವನ್ ಕಾರ್ಖಾನೇಲಿ ಕೆಲಸಕ್ಕಿದ್ದ, 1860ರಲ್ಲಿ ಹದಿನಾರು ತೋಟಾ ಹಿಡಿಯೋ ಹೆನ್ರಿ ರೈಫಲ್ ಕೊಟ್ಟ. ಅದರ ಮಗು 1866ರ ವಿಂಚೆಸ್ಟರ್, ಹಳದಿ ಲೋಹದ ರಿಸೀವರ್ ಇರೋದಕ್ಕೆ ಜನ ಯೆಲ್ಲೋ ಬಾಯ್ ಅಂದ್ರು.

ಈಗಿನ ಹೆನ್ರಿ ಕಂಪನಿ 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದದ್ದು. ಹೆಸರು ಗೌರವಕ್ಕೆ ಇಟ್ಟುಕೊಂಡದ್ದು, ಹಳೇ ವಂಶದ ನಂಟಿಲ್ಲ. ಹಾಗಂತ ಕಡೆಗಣಿಸಬೇಡಿ, ನಯವಾದ ಲಿವರ್ ಬೇಕು ಅಂದ್ರೆ ಪೆಟ್ಟಿಗೆಯಿಂದ ತೆಗೆದ ದಿನವೇ ನಯ ಇರೋದು ಅವರದ್ದೇ.

ಮಂಡ್ಯದ_ಮಗ
ಓ ಇಷ್ಟಿದೆಯಾ! ಸೈನ್ಯಗಳು ಲಿವರ್ ಆಕ್ಷನ್ ರೈಫಲನ್ನ ಯಾಕೆ ದೊಡ್ಡ ಪ್ರಮಾಣದಲ್ಲಿ ತಗೊಳ್ಳಲಿಲ್ಲ ಹಾಗಾದ್ರೆ?

ಕ್ಲೀವ್‌ಲ್ಯಾಂಡ್_ಕುಲಕರ್ಣಿ
ನೆಲಕ್ಕೆ ಮಲಗಿ ಹೊಡೆಯೋವಾಗ ಲಿವರ್ ಕೆಳಗೆ ಬಿಡಿಸೋಕೆ ಜಾಗ ಸಾಲಲ್ಲ. ಕೆಸರು ಮಣ್ಣು ಒಳಗೆ ಹೋದ್ರೆ ಬಿಚ್ಚಿ ತೊಳೆಯೋದೂ ಬೋಲ್ಟ್‌ಗಿಂತ ಕಷ್ಟ. ಅದಕ್ಕೇ ಯಾವ ಸೈನ್ಯವೂ ತಗೊಳ್ಳಲಿಲ್ಲ.

ಮೊಂಟಾನಾ_ಮಲ್ನಾಡು
"ಯಾವ ಸೈನ್ಯವೂ" ಅನ್ನೋದು ತಪ್ಪು ಕುಲಕರ್ಣಿಯವರೇ. ಮೊದಲ ಮಹಾಯುದ್ಧದಲ್ಲಿ ರಷ್ಯಾ ಮೂರು ಲಕ್ಷದ ಹತ್ತಿರ ವಿಂಚೆಸ್ಟರ್ 1895 ತರಿಸಿಕೊಂಡಿತ್ತು, ತಮ್ಮದೇ 7.62 ತೋಟಾಕ್ಕೆ ಮಾಡಿಸಿ. ಅದಕ್ಕೂ ಮುಂಚೆ 1877ರಲ್ಲಿ ಬಲ್ಗೇರಿಯಾದ ಪ್ಲೆವ್ನಾದಲ್ಲಿ ತುರ್ಕರು ವಿಂಚೆಸ್ಟರ್ 1866 ಹಿಡಿದು ಅದೇ ರಷ್ಯನ್ನರ ದಾಳಿಯನ್ನ ಕೆಡವಿದ್ರು. ಇನ್ನು ನಮ್ಮ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಕದನ. 1876ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನಿಕರ ಕೈಲಿ ಒಂದೊಂದೇ ತೋಟಾ ಹಾಕೋ ಸ್ಪ್ರಿಂಗ್‌ಫೀಲ್ಡ್. ಎದುರಿಗಿದ್ದ ಮೂಲನಿವಾಸಿ ಲಕೋಟಾ, ಶೈಯೆನ್ ಯೋಧರಲ್ಲಿ ಹಲವರ ಕೈಲಿ ಹೆನ್ರಿ, ವಿಂಚೆಸ್ಟರ್. ಪುರಾತತ್ವದವರು ರಣಭೂಮಿ ಅಗೆದಾಗ ಸಿಕ್ಕ ಖಾಲಿ ಕೇಸುಗಳೇ ಅದಕ್ಕೆ ಸಾಕ್ಷಿ. ಆ ಗುಡ್ಡದ ಮೇಲೆ ಒಮ್ಮೆ ನಿಂತು ಬನ್ನಿ.

ಅಮ್ಮಣ್ಣಿ_ಆಸ್ಟಿನ್
ಅಷ್ಟು ದೂರ ಹೋಗೋರು ವಯೋಮಿಂಗ್‌ನ ಕೋಡಿಗೂ ಹೋಗಿ. ಅಲ್ಲಿನ ಬಂದೂಕು ಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೇ ದಾಖಲೆ ಪುಸ್ತಕಗಳಿವೆ. ಹಳೇ ರೈಫಲ್‌ನ ಸೀರಿಯಲ್ ನಂಬರ್ ಕೊಟ್ರೆ, ದಾಖಲೆ ಉಳಿದಿದ್ರೆ, ಯಾವಾಗ ಕಾರ್ಖಾನೆ ಬಿಟ್ಟಿತು ಅಂತ ಪತ್ರ ಕೊಡ್ತಾರೆ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಜೂನಿಪರ್ ಮರಕ್ಕೆ ಒರಗಿಸಿಟ್ಟಿದ್ದ 1873 ಸಿಕ್ಕಿತ್ತು. ಹಿಡಿ ಮಣ್ಣಲ್ಲಿ ಹೂತು, ಮರವೆಲ್ಲ ಬಿರುಕು. ಅದು 1882ರಲ್ಲಿ ಕಾರ್ಖಾನೆ ಬಿಟ್ಟದ್ದು ಅಂತ ಗೊತ್ತಾಗಿದ್ದು ಆ ದಾಖಲೆಗಳಿಂದಲೇ. ಯಾರು ಒರಗಿಸಿಟ್ಟರು ಅನ್ನೋದು ಮಾತ್ರ ಇನ್ನೂ ಪತ್ತೆ ಇಲ್ಲ.

ಕೊಡಗಿನ_ಕಾಫಿ
ಮೈ ಜುಮ್ಮೆಂದಿತು. ನಮ್ಮಲ್ಲಿ ಕೋವಿಯನ್ನ ಹಾಗೆ ಬಿಟ್ಟು ಹೋಗೋದು ಊಹೆಗೂ ಬರಲ್ಲ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಕೋವಿ, ಒಡಿಕತ್ತಿ ಎಲ್ಲ ಒರೆಸಿ, ಹೂವಿಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಹೆಂಗಸರೂ ಹೊಡೀತಾರೆ, ನಮ್ಮ ಅತ್ತೆ ಈಗಲೂ ಹೊಡೀತಾರೆ.

ಶಿರಸಿ_ಅಡಿಕೆ
ನಿಮಗೆ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ, ನಮಗೆಲ್ಲಿ? ತೋಟಕ್ಕೆ ಮಂಗ, ಹಂದಿ ಬರ್ತವೆ ಅಂತ ಬೆಳೆ ರಕ್ಷಣೆಗೆ ಒಂಟಿ ನಳಿಗೆ ಕೋವಿ. ಚುನಾವಣೆ ಬಂತು ಅಂದ್ರೆ ಠಾಣೆಗೆ ಒಪ್ಪಿಸು, ಮುಗಿದ ಮೇಲೆ ಬಿಡಿಸ್ಕೊಂಡು ಬಾ. ಅಷ್ಟರಲ್ಲಿ ಎಳೆ ಸಸಿ ಎಲ್ಲ ಮುಗಿದಿರ್ತದೆ.

ಧಾರವಾಡ_ಪೇಡೆ
ದೀಪುನ ಪ್ರಶ್ನೆಗೆ ಬರೋಣಲ್ರಿ. ಮಾರ್ಲಿನ್ ತಗೊಳ್ಳೋರು ಯಾರ ಕಾಲದ್ದು ಅಂತ ನೋಡೇ ತಗೋಬೇಕು. 336 ಬಂದಿದ್ದು 1948ಕ್ಕ, ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನಿ ಮಾಲು ಬಂಗಾರ. ನಳಿಗಿ ಎಡಬಾಜೂ ಜೆ ಎಂ ಅಂತ ಸಣ್ಣ ಮುದ್ರಿ ಇರ್ತೈತಿ. ಆಮ್ಯಾಲ ರೆಮಿಂಗ್ಟನ್‌ದವ್ರು ಕೊಂಡು ಕಾರ್ಖಾನಿ ನ್ಯೂಯಾರ್ಕ್‌ನ ಇಲಿಯಾನ್‌ಗೆ ಒಯ್ದ್ರು. ಹಳೇ ಕುಶಲಕರ್ಮಿಗಳು ಜೋಡಿ ಹೋಗ್ಲಿಲ್ಲ. ಮೊದಲ ಕೆಲವು ವರ್ಷದ ಮಾಲು ಸಾಣಿ ಹಿಡೀದೇ ಬಂದಂಗ ಇತ್ತು, ಸೈಟ್ ಓರಿ, ಮರ ಸಂದಿ ಬಿಟ್ಟಿರ್ತಿತ್ತು ಅಂತ ಊರೆಲ್ಲ ಮಾತು. 2020ರಾಗ ರೆಮಿಂಗ್ಟನ್ ದಿವಾಳಿ ಆದ ಮ್ಯಾಲ ರೂಗರ್ ತಗೊಂಡ್ರು. ಈಗ ನಾರ್ತ್ ಕೆರೊಲಿನಾದ ಮೆಯೊಡನ್‌ನ್ಯಾಗ ಮಾಡ್ತಾರ. ಈಗಿನ ಮಾಲು ಭಾರಿ ಚಲೋ ಐತಿ.

ಹಳೇಕೋವಿ
ಪೇಡೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ವಿಂಚೆಸ್ಟರ್‌ಗೂ ಇದೇ ಕತೆ. 1964ರಲ್ಲಿ ಖರ್ಚು ಉಳಿಸೋಕೆ ಕಡೆದು ಮಾಡ್ತಿದ್ದ ಭಾಗಗಳನ್ನ ತಗಡು ಒತ್ತಿ ಮಾಡಿದ್ರು, ಗಟ್ಟಿ ಪಿನ್ನು ಹೋಗಿ ಟೊಳ್ಳು ಪಿನ್ನು ಬಂತು. ಅದಕ್ಕೇ 64ಕ್ಕೆ ಮುಂಚಿನ 94 ಅಂದ್ರೆ ಜನ ಮುಗಿಬೀಳ್ತಾರೆ. ಎಪ್ಪತ್ತು ಲಕ್ಷಕ್ಕೂ ಹೆಚ್ಚು 94 ತಯಾರಾಗಿವೆ, ಹಳೇದು ಸಿಗೋದು ಕಷ್ಟವೇನಲ್ಲ. ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಈಗಿನ ವಿಂಚೆಸ್ಟರ್ ಲಿವರ್‌ಗಳು ಜಪಾನಿನ ಮಿರೋಕು ಕಾರ್ಖಾನೆಯವು, ಕೊಚಿ ಪ್ರಾಂತ್ಯದವು. ಮರ, ಲೋಹದ ಕೂಡುಗೆ ನೋಡಿದ್ರೆ ಕಣ್ಣು ತಂಪಾಗುತ್ತೆ. ಬೆಲೆಯೂ ಹಾಗೇ ಇದೆ.

ಕ್ಲೀವ್‌ಲ್ಯಾಂಡ್_ಕುಲಕರ್ಣಿ
ಜಪಾನಿನಲ್ಲಿ ಮಾಡಿದ ವಿಂಚೆಸ್ಟರ್ ವಿಂಚೆಸ್ಟರ್ರೇ ಅಲ್ಲ ಅನ್ನೋರು ನಾವು ಕೆಲವರಿದ್ದೀವಿ.

ಅಮ್ಮಣ್ಣಿ_ಆಸ್ಟಿನ್
ಕುಲಕರ್ಣಿಯವರೇ, ಕೈಲಿ ಹಿಡಿದು ನೋಡಿ ಮಾತಾಡಿ. ನ್ಯೂ ಹೇವನ್‌ನ ಕೊನೇ ವರ್ಷಗಳ 94 ಪಕ್ಕ ಮಿರೋಕು 94 ಇಟ್ಟು ಲಿವರ್ ಎಳೆದು ನೋಡಿದ್ರೆ ಯಾವುದು ಮೇಲು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಊರಿನ ಹೆಸರು ಗುಂಡನ್ನ ನೇರ ಕಳಿಸಲ್ಲ.

ಡೆನ್ವರ್_ದೀಪು
ಎಲ್ಲ ಓದ್ತಿದ್ದೀನಿ. 357 ಕೈಬಿಟ್ಟೆ, 30-30 ಖಾಯಂ. ಈಗ ಉಳಿದದ್ದು 336 ಮತ್ತು ಹೆನ್ರಿ. ಮನೇಲಿ ಎಂಟು ವರ್ಷದ ಮಗಳಿದ್ದಾಳೆ, ಹೆಂಡತಿಗೆ ಆ ಆತಂಕ ಇದೆ. ಸುರಕ್ಷತೆ ದೃಷ್ಟಿಯಿಂದ ಇವೆರಡರಲ್ಲಿ ವ್ಯತ್ಯಾಸ ಇದೆಯಾ?

ಅಮ್ಮಣ್ಣಿ_ಆಸ್ಟಿನ್
ಇದು ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಕೇಳಿದ್ದು ಒಳ್ಳೇದಾಯ್ತು.

336, 94 ಎರಡರಲ್ಲೂ ಟ್ಯೂಬ್ ಖಾಲಿ ಮಾಡೋಕೆ ಒಂದೇ ದಾರಿ. ಲಿವರ್ ಆಡಿಸಿ ಒಂದೊಂದೇ ತೋಟಾ ಹೊರಗೆ ಹಾಕಬೇಕು. ಅಂದ್ರೆ ಪ್ರತಿ ತೋಟಾನೂ ನಳಿಗೆಯ ಹಿಂಬದಿ ಬಾಯಿಯ ಹತ್ತಿರ ಹೋಗೇ ಬರುತ್ತೆ, ಕುದುರೆ (ತೋಟಾ ಸಿಡಿಸೋಕೆ ಬಡಿಯೋ ಸುತ್ತಿಗೆ) ಎದ್ದೇ ಇರುತ್ತೆ. ಹೆನ್ರಿಯಲ್ಲಿ ಟ್ಯೂಬ್‌ನ ಒಳಕೊಳವೆ ಎಳೆದ್ರೆ ತೋಟಾಗಳು ಮುಂದಿನಿಂದಲೇ ಅಂಗೈಗೆ ಬೀಳ್ತಾವೆ. ಆಮೇಲೆ ಲಿವರ್ ತೆರೆದು ಒಳಗೆ ಒಂದೂ ಉಳಿದಿಲ್ಲ ಅಂತ ಬೆರಳು ಹಾಕಿ ನೋಡಿದ್ರೆ ಆಯ್ತು. ಮಕ್ಕಳಿರೋ ಮನೆಗೆ ನಾನು ಹೆನ್ರಿನೇ ಹೇಳೋದು.

ಕುದುರೆ ಹೆಬ್ಬೆರಳಿಂದ ಇಳಿಸೋದನ್ನ ಖಾಲಿ ರೈಫಲ್‌ನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿ. ಚಳಿಗೆ ಬೆರಳು ಮರಗಟ್ಟಿದ್ದಾಗ, ಕೈಗವಸು ಹಾಕಿದ್ದಾಗ ಕುದುರೆ ಜಾರೋದೇ ಈ ರೈಫಲ್‌ಗಳ ದೊಡ್ಡ ಅಪಾಯ. ನಳಿಗೆ ಯಾವಾಗಲೂ ಯಾರಿಗೂ ತಾಗದ ದಿಕ್ಕಿಗೇ ಇರಲಿ. ಮತ್ತೆ ಸೇಫ್. ಮಗು ಕೈಗೆ ಸಿಗೋ ಹಾಗೆ ಇಟ್ರೆ ಕೊಲರಾಡೋದಲ್ಲಿ ಅದು ಅಪರಾಧ. ರೈಫಲ್‌ಗಿಂತ ಮೊದಲು ಸೇಫ್ ತರಿಸಿ, ತೋಟಾ ಬೇರೆ ಕಡೆ ಬೀಗ ಹಾಕಿಡಿ.

ಧಾರವಾಡ_ಪೇಡೆ
ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ. ಆದ್ರ 336ಕ್ಕ ಅಡ್ಡ ಸೇಫ್ಟಿ ಗುಂಡಿ ಐತ್ರಿ, ಅದನ್ನ ಹಾಕ್ಕೊಂಡ ಲಿವರ್ ಆಡಿಸಿ ಖಾಲಿ ಮಾಡಬಹುದು. ಕುದುರಿ ಬಿದ್ರೂ ಪಿನ್ನಿಗೆ ಬಡಿಯಂಗಿಲ್ಲ.

ಅಮ್ಮಣ್ಣಿ_ಆಸ್ಟಿನ್
ಸರಿ, ಅದು ಇದೆ. ಆದ್ರೆ ಗುಂಡಿ ಹಾಕೋದು ಮನುಷ್ಯನ ನೆನಪಿನ ಮೇಲೆ ನಿಂತಿದೆ. ತೋಟಾ ಒಳಗೇ ಹೋಗದ ವ್ಯವಸ್ಥೆ ಅದಕ್ಕಿಂತ ಮೇಲು ಅನ್ನೋದು ನನ್ನ ವಾದ.

ಮೊಂಟಾನಾ_ಮಲ್ನಾಡು
ಕೊಲರಾಡೋದಲ್ಲಿ ಅಂಗಡಿಯವರು ಹಿನ್ನೆಲೆ ತಪಾಸಣೆ ಶುರು ಮಾಡಿದ ಮೇಲೆ ಕನಿಷ್ಠ ಮೂರು ದಿನ ಕಾಯಬೇಕು ದೀಪು, 2023ರಿಂದ ಆ ನಿಯಮ ಇದೆ. ಸೀಸನ್ ಹಿಂದಿನ ದಿನ ಅಂಗಡಿಗೆ ಹೋಗಬೇಡಿ. ಒಂದು ತಿಂಗಳಾದ್ರೂ ಮುಂಚೆ ತಗೊಂಡು, ಬೆಂಚ್ ಮೇಲಿಂದ ಅಲ್ಲ, ಮಂಡಿಯೂರಿ, ನಿಂತು, ಮರಕ್ಕೆ ಒರಗಿ ಹೊಡೆದು ಅಭ್ಯಾಸ ಮಾಡಿ. ಕಾಡಲ್ಲಿ ಬೆಂಚ್ ಇರಲ್ಲ. ಕಿತ್ತಳೆ ಬಣ್ಣದ ಅಂಗಿ ಟೋಪಿ ಮರೀಬೇಡಿ, ಅದೂ ಕಾನೂನು.

ಕುಡ್ಲದ_ಹುಡುಗ
ಮಗಳು ದೊಡ್ಡವಳಾದ ಮೇಲೆ ಕಲಿಸುವುದಾದ್ರೆ 22 ಲಿವರ್ ಒಂದು ತಗೊಳ್ಳಿ. ಒದೆತ ಇಲ್ಲ, ಸದ್ದು ಕಡಿಮೆ, ತೋಟಾ ಅಗ್ಗ. ನಾನು ಕಲಿತದ್ದೇ ಅದರಲ್ಲಿ.

ಹಳೇಕೋವಿ
ಹೊಸದಾದ್ರೆ ಹೆನ್ರಿ 22, ನಾಲ್ಕೈದು ನೂರು ಡಾಲರ್‌ಗೆ ಸಿಗುತ್ತೆ. ಹಳೇದಾದ್ರೆ ಮಾರ್ಲಿನ್ 39ಎ. ಒಂದು ತಿರುಪು ಬಿಚ್ಚಿದ್ರೆ ರೈಫಲ್ ಎರಡು ಭಾಗ ಆಗುತ್ತೆ. ಅದರ ಮೂಲ 1891ರ ವಿನ್ಯಾಸ. 39ಎ ಕಣ್ಣಿಗೆ ಬಿದ್ರೆ ಬಿಡಬೇಡಿ.

ಡೆನ್ವರ್_ದೀಪು
ಸೇಫ್ ಆರ್ಡರ್ ಮಾಡಿದೆ. ಶನಿವಾರ ಹೆಂಡತಿ ಜೊತೆ ಅಂಗಡಿಗೆ ಹೋಗಿ ಹೆನ್ರಿ, 336 ಎರಡನ್ನೂ ಭುಜಕ್ಕಿಟ್ಟು ನೋಡ್ತೀವಿ. ಅವಳೂ ಕೋರ್ಸಿಗೆ ಹೆಸರು ಕೊಟ್ಟಿದ್ದಾಳೆ. ಇನ್ನೊಂದೇ ಪ್ರಶ್ನೆ: ಸ್ಕೋಪಾ, ಪೀಪ್ ಸೈಟಾ?

ಧಾರವಾಡ_ಪೇಡೆ
ಸ್ಕೋಪ್ರಿ. ಕಡಿಮಿ ಪವರಿಂದು, 1ರಿಂದ 4 ಸಾಕು.

ಹಳೇಕೋವಿ
ಪೀಪ್ ಸೈಟ್. ಲಿವರ್ ರೈಫಲ್‌ನ ಸುಖ ಅಂದ್ರೆ ರಿಸೀವರ್ ಹತ್ತಿರ ಒಂದೇ ಕೈಯಲ್ಲಿ ಹಿಡಿದು ನಡೆಯೋದು. ಸ್ಕೋಪ್ ಹಾಕಿದ್ರೆ ಹಿಡಿಯೋ ಜಾಗವೇ ಹೋಯ್ತು. ರಿಸೀವರ್ ಹಿಂದೆ ಕೂರೋ ದೊಡ್ಡ ತೂತಿನ ಪೀಪ್ ಹಾಕಿಸಿ, ಕಣ್ಣು ತಾನಾಗೇ ಮಧ್ಯ ಹುಡುಕಿಕೊಳ್ಳುತ್ತೆ, ಮಸುಕು ಬೆಳಕಲ್ಲೂ ಕೆಲಸ ಮಾಡುತ್ತೆ.

ಧಾರವಾಡ_ಪೇಡೆ
ಮುಂಜಾನಿ ಮಸುಕಿನ್ಯಾಗ ಪೀಪ್ ಹಾಕಿ ಕೊಂಬು ಎಣಿಸಿ ತೋರಸ್ರಿ ನೋಡೋಣ. ಟ್ಯಾಗ್ ಗಂಡಿಂದಿದ್ದು ಹೆಣ್ ಹೊಡದ್ರ ದಂಡ ಯಾರು ಕಟ್ಟೋರು?

ಹಳೇಕೋವಿ
ಕೊಂಬು ಎಣಿಸೋಕೆ ದುರ್ಬೀನು ಇದೆ. ರೈಫಲ್ ಎತ್ತಿ ಸ್ಕೋಪ್‌ನಲ್ಲಿ ಪ್ರಾಣಿ ಗುರುತಿಸೋದು ಅಂದ್ರೆ ಏನೂಂತ ಗೊತ್ತಿಲ್ಲದ್ದರ ಕಡೆಗೆ ನಳಿಗೆ ತಿರುಗಿಸೋದು. ಅದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ದೀಪು, ಸ್ಕೋಪ್ ಹಾಕಿಸಿದ್ರೂ ಸರಿ, ಕೊರಳಿಗೆ ದುರ್ಬೀನು ಮಾತ್ರ ಬೇಕೇ ಬೇಕು.

ಧಾರವಾಡ_ಪೇಡೆ
ದುರ್ಬೀನಿನ ಮಾತಿಗೆ ನಂದೂ ಹೂಂ. ಸೈಟಿನ ವಾದ ಇನ್ನೂ ಮುಗದಿಲ್ಲ, ದೀಪು ರೈಫಲ್ ತಗೊಂಡ್ ಬರ್ಲಿ, 50 ಗಜ, 100 ಗಜದ ಟಾರ್ಗೆಟ್ ಫೋಟೋ ಹಾಕ್ಲಿ, ಆಮ್ಯಾಲ ಮುಂದುವರಸೋಣು.